ಹತ್ತು ಸೂಜಿಗಳಿಗೆ ನೂಲು

ಹೋದ ತಿಂಗಳು ನಂಜನಗೂಡಿನ ನಮ್ಮ ಲ್ಯಾಬಿನಲ್ಲಿ ಓವನ್ನಿನ ಬಾಗಿಲು ತೆಗೆದಾಗ, ಒಣಗಿದ ಹುತ್ತದಣಬೆಯ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ನೆನಪಾದವರು ಹೆಮ್ಮಿಗೆಯ ನಮ್ಮ ಪಕ್ಕದ ಮನೆಯ ದೊಡ್ಡವ್ವ.

ಗುಡುಗು ಮಳೆಯಾದ ಮರುದಿನ ಅವರು ಹೊಲದ ಬದುವಿನ ಹುತ್ತಗಳಿಂದ ಮಡಿಲು ತುಂಬ ಅಣಬೆ ತರುತ್ತಿದ್ದರು. ಸಾರಿಗೆ ಬೇಕಾದಷ್ಟು ಇಟ್ಟುಕೊಂಡು, ಮಿಕ್ಕದ್ದನ್ನು ಸೀಳಿ, ಸೂಜಿಯಿಂದ ನೂಲಿಗೆ ಪೋಣಿಸಿ ಜಗಲಿಯ ಸೂರಿಗೆ ಕಟ್ಟುತ್ತಿದ್ದರು. ಒಮ್ಮೆ ನಾನು ಮಹಾ ಬುದ್ಧಿವಂತೆಯಂತೆ ಅದನ್ನು ಅಂಗಳಕ್ಕೆ ತಂದು ಹರವಿದ್ದೆ.

"ಬಿಸ್ಲಿಗಾಕ್ಬ್ಯಾಡ ಕಣವ್ವ, ಅದ್ರ ಸತ್ವೆಲ್ಲ ಒಂಟೋಯ್ತದೆ. ನೆಳ್ಳಲ್ಲೇ ಒಣಗ್ಲಿ" ಎಂದು ಗದರಿದರು.

ನಾನಾಗ ದಿನಾ ಮೈಸೂರಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದವಳು. ಅವರ ಮಾತು ನನಗೆ ಯಾವ ಲೆಕ್ಕ!

ಆಮೇಲೆ ಅವರ ಕಣ್ಣು ಮಂಜಾಗತೊಡಗಿತು. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡೆವು. ಡಾಕ್ಟರು ನೋಡಿ, ಕಣ್ಣಿನ ಒಳಪರದೆಯೇ ಸವೆಯುತ್ತಿದೆ, ಇದಕ್ಕೆ ಮದ್ದಿಲ್ಲ ಎಂದರು. ದೊಡ್ಡವ್ವ ಅಳಲಿಲ್ಲ. ಬೆಳಿಗ್ಗೆ ನಾನು ಹೊರಟಾಗ ಮಾತ್ರ ಜಗಲಿಯಿಂದ ಕೂಗುತ್ತಿದ್ದರು, "ಒಂದತ್ತು ಸೂಜಿಗೆ ನೂಲು ಪೋಣ್ಸಿಕೊಟ್ಟೋಗವ್ವ." ಒಂದರ ನೂಲು ಮುಗಿದರೆ ಮತ್ತೆ ಪೋಣಿಸಲು ಕಣ್ಣು ಕಾಣಬೇಕಲ್ಲ...

ಒಂದು ದಿನ ಬಸ್ಸು ತಪ್ಪೀತೆಂದು ಒಂದೇ ಸೂಜಿಗೆ ಪೋಣಿಸಿ ಓಡಿದೆ. ಸಂಜೆ ಬಂದು ನೋಡಿದರೆ, ಉಳಿದ ಅಣಬೆಯೆಲ್ಲ ಮೊರದಲ್ಲೇ ಕಪ್ಪಾಗಿ ಹೋಗಿತ್ತು. ಅವರು ಮೊರವನ್ನು ತಿಪ್ಪೆಗೆ ಕೊಡವಿ ಬಂದು, "ಬಸ್ ಸಿಕ್ತೇನವ್ವ" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು...

ಈಗ ನನ್ನ ಕೆಲಸವೇ ಅಂಥ ಕಣ್ಣಿನ ಕಾಯಿಲೆಗೆ ಮದ್ದಾಗಬಲ್ಲ ಅಂಶವನ್ನು ಅಣಬೆಯಲ್ಲಿ ಹುಡುಕುವುದು. ತಿಂಗಳುಗಟ್ಟಲೆ ಯಂತ್ರದ ಪರದೆಯ ಮೇಲೆ ಆ ಅಂಶ ಇದೆಯೆಂದು ತೋರಿಸುವ ಗೆರೆ ಏಳಲೇ ಇಲ್ಲ. ಈ ಅಣಬೆಯನ್ನು ಕೈಬಿಡೋಣ ಎಂಬ ತೀರ್ಮಾನವೂ ಆಗಿತ್ತು. ಅಂದು ಓವನ್ನಿನ ಮುಂದೆ ನಿಂತಾಗ ನಾಚಿಕೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಅವರ ಮಾತು ಮರೆತು ಸತ್ವವನ್ನೆಲ್ಲ ಬಿಸಿಗೆ ಕಳೆದುಕೊಂಡು ಕೂತಿದ್ದೆ!

ಹೊಸ ಅಣಬೆ ತರಿಸಿ, ನೂಲಿಗೆ ಪೋಣಿಸಿ, ನೆರಳಿರುವ ಕಾರಿಡಾರಿನಲ್ಲಿ ಕಟ್ಟಿದೆ. "ಏನ್ ಮೇಡಂ, ತೋರಣವಾ?" ಎಂದು ಜೊತೆಯವರು ನಕ್ಕರು. ಹೋದ ವಾರ ಆ ಗೆರೆ ಎದ್ದಿತು. ಆ ಅಂಶ ಹಾಕಿ ನಿನ್ನೆ ನೋಡಿದರೆ, ಗಾಜಿನ ತಟ್ಟೆಯಲ್ಲಿ ಸಾಯಬೇಕಿದ್ದ ಕಣ್ಣಿನ ಜೀವಕೋಶಗಳಲ್ಲಿ ಕೆಲವು ಉಳಿದುಕೊಂಡಿವೆ. ಇದು ಮದ್ದಾಗಲು ಇನ್ನೂ ಬಹಳ ದೂರವಿದೆ, ಆಗದೆಯೂ ಹೋಗಬಹುದು. ಆದರೂ ನನಗೆ ಹಿಗ್ಗೋ ಹಿಗ್ಗು. ಓಡಿ ಹೋಗಿ ಹೇಳೋಣವೆಂದರೆ ದೊಡ್ಡವ್ವ ಇಲ್ಲ. ಕೊನೆಯ ವರ್ಷಗಳನ್ನು ಪೂರಾ ಕತ್ತಲಲ್ಲೇ ಕಳೆದು ಹೋದರು.

ಇವತ್ತು ಮತ್ತೆ ಒಂದು ಬುಟ್ಟಿ ಅಣಬೆ ಬಂತು. ಕನ್ನಡಕ ಹಾಕಿಕೊಂಡು ಕೂತೆ. ಒಂದು ಸೂಜಿ ಸಾಕಿತ್ತು. ಹತ್ತಕ್ಕೂ ನೂಲು ಪೋಣಿಸಿಟ್ಟೆ.