ಎರಡು ಕಿವಿಗೆ ಎರಡು ಪಂಚಮ

ಮಾಲೂರಿನಲ್ಲಿ ನಾನೀಗ ಬಾಡಿಗೆಗಿರುವ ಮನೆಯ ಮಹಡಿಯಲ್ಲಿ ಒಂದು ಹುಡುಗಿ ಸಂಜೆ ಹೊತ್ತು ಪುಟ್ಟ ಗಿಟಾರಿನಂಥ ಯುಕುಲೆಲೆಯನ್ನು ಶ್ರುತಿ ಮಾಡುತ್ತಾಳೆ. ಆ ನಾಲ್ಕು ತಂತಿಗಳ ಸದ್ದು ಕಿವಿಗೆ ಬಿದ್ದರೆ ಸಾಕು, ಹುತ್ತೂರಿನ ನಮ್ಮ ರೇಷ್ಮೆ ಹುಳದ ಮನೆಯ ಹಸಿ ಸೊಪ್ಪಿನ ವಾಸನೆ ಮೂಗಿಗೆ ಬರುತ್ತದೆ. ನಿಮಗೂ ಅಂಥದ್ದೊಂದು ಸದ್ದು ಇದ್ದೀತು. ಆ ಹುಳದ ಮನೆ ಈಗಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ನನ್ನ ಅತ್ತೆ, ಅಪ್ಪನ ತಂಗಿ, ಅವಳೂ ಇಲ್ಲ.

ನಾನು ಏಳನೇ ತರಗತಿಯಲ್ಲಿದ್ದಾಗ ಸೋದರಮಾವ ತಂದುಕೊಟ್ಟ ಯುಕುಲೆಲೆ ನನಗಿಂತ ಹೆಚ್ಚಾಗಿ ಅತ್ತೆಯ ಕೈಯಲ್ಲೇ ಇರುತ್ತಿತ್ತು. ಭಜನೆಯಲ್ಲಿ ತಂಬೂರಿ ಹಿಡಿದು ಪಳಗಿದ ಕೈ ಅದು. ತಂಬೂರಿಯ ಮೊದಲ ತಂತಿ ತಗ್ಗಿನ ಪಂಚಮ; ಹಾಗಾಗಿ ಇದರ ಮೇಲಿನ ತಂತಿಯನ್ನೂ ಅವಳು ಇಳಿಸಿ ಇಳಿಸಿ ಸಡಿಲ ಮಾಡಿಬಿಡುತ್ತಿದ್ದಳು. ಫೋನಿನಲ್ಲಿ ನೋಡಿ ಕಲಿತ ನಾನು ದೊಡ್ಡ ಪಂಡಿತಳ ಹಾಗೆ ತಿದ್ದಿದೆ: ಇಲ್ಲಿ ಎರಡನೇ ತಂತಿಯೇ ಎಲ್ಲಕ್ಕಿಂತ ತಗ್ಗು, ಅದು ಷಡ್ಜವಾದರೆ ಮೇಲಿನದು ಅದಕ್ಕಿಂತ ಏರಿನ ಪಂಚಮ, ಮೂರನೆಯದು ಗಾಂಧಾರ, ನಾಲ್ಕನೆಯದು ಧೈವತ. ಅತ್ತೆ ಒಂದೇ ದಿನದಲ್ಲಿ ಹಿಡಿದುಕೊಂಡಳು. ಆಮೇಲೆ ಶುರುವಾಯಿತು ತಕರಾರು. ಶ್ರುತಿ ಸರಿಯಿದ್ದರೂ ಆ ಪಂಚಮವನ್ನು ತಿರುಗಿಸುತ್ತಲೇ ಇರುತ್ತಿದ್ದಳು, ಎಡಗಿವಿಗೊಮ್ಮೆ ಬಲಗಿವಿಗೊಮ್ಮೆ ಹಿಡಿದು ಮೀಟುತ್ತಿದ್ದಳು. “ಈ ಕಿವಿಗೆ ಒಂಥರ ಕೇಳ್ತೈತೆ, ಆ ಕಿವಿಗೆ ಒಂಥರ ಕಣೇ,” ಅಂದಳು. ತಂಬೂರಿ ಚಟ ಇನ್ನೂ ಬಿಟ್ಟಿಲ್ಲ ನಿನಗೆ ಎಂದು ನಾನು ನಕ್ಕೆ. ಅಪ್ಪನೂ ನಕ್ಕರು. ಮೂರು ತಿಂಗಳು ಮನೆಯವರೆಲ್ಲ ಅದನ್ನೇ ಹೇಳಿ ರೇಗಿಸಿದೆವು.

ಗೂಡು ಕಟ್ಟುವ ಮುಂಚಿನ ವಾರ ಹುಳಗಳು ಸೊಪ್ಪು ಮೇಯುವ ಸದ್ದು ಮಳೆಯ ಹಾಗಿರುತ್ತದೆ. ಬಾಗಿಲಲ್ಲಿ ನಿಂತು ಅದನ್ನು ಕೇಳಿಯೇ ಅತ್ತೆ ಮತ್ತೆ ಸೊಪ್ಪು ಯಾವಾಗ ಹಾಕಬೇಕೆಂದು ಹೇಳುತ್ತಿದ್ದಳು. ಸದ್ದು ನಿಂತರೆ ಹುಳಕ್ಕೆ ರೋಗ ಬಿತ್ತೆಂದು ಅರ್ಥ. ಅಂಥ ವಾರದ ಒಂದು ಬೆಳಗ್ಗೆ ಮೇಯುವ ಸದ್ದು ಹೊರಗಿನ ಜಗಲಿಗೂ ಕೇಳುತ್ತಿತ್ತು. ಅತ್ತೆ ಬಾಗಿಲಲ್ಲೇ ಬಿಳಚಿಕೊಂಡು ನಿಂತಿದ್ದಳು. “ಅಣ್ಣಾ, ಹುಳ ಯಾಕೆ ಮೇಯ್ತಿಲ್ಲ?” ಅಂದಳು. ನಮ್ಮಲ್ಲಿ ಯಾರೂ ನಗಲಿಲ್ಲ.

ಕೋಲಾರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಎರಡೂ ಕಿವಿಗಳ ನರದ ಮೇಲೆ ಗೆಡ್ಡೆ. ಇನ್ನೂ ಮೊದಲೇ ಬಂದಿದ್ದರೆ, ಎಂದು ಅಲ್ಲಿಯವರು ಮಾತು ಅರ್ಧಕ್ಕೆ ನಿಲ್ಲಿಸಿದರಂತೆ. ಆಪರೇಷನ್ನಿಗೆ ಹೊರಡುವ ದಿನ ಮನೆ ತುಂಬ ನೆಂಟರು. ನಾನು ಅವಳ ಬಲಗಿವಿಯ ಹತ್ತಿರ ಬಾಯಿಟ್ಟು ತಪ್ಪಾಯ್ತು ಅತ್ತೆ ಅಂದೆ. “ಏನಮ್ಮಾ, ಜೋರಾಗಿ ಹೇಳು,” ಅಂದಳು. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು. ಬಂದ ಮೇಲೆ ಹೇಳ್ತೀನಿ ಎಂದು ಕೈಸನ್ನೆ ಮಾಡಿದೆ. ಅವಳು ಸರಿ ಎಂದು ತಲೆಯಾಡಿಸಿ ಕಾರು ಹತ್ತಿದಳು.