ಎಂಟೂವರೆಗೆ ಕಟ್ಟಿಕೊಳ್ಳುತ್ತಿದ್ದ ಲೈನು

೧೯೮೮ರ ಮಳೆಗಾಲದಲ್ಲಿ ನಾನು ಸಾಗರದಲ್ಲಿ ವಿದ್ಯುತ್ ಇಲಾಖೆಯ ಸಂಪರ್ಕ ವಿಭಾಗದ ಸಹಾಯಕ ಇಂಜಿನಿಯರ್ ಆಗಿದ್ದೆ. ತೀರ್ಥಹಳ್ಳಿ ಮತ್ತು ಹೊಸನಗರದ ಕಡೆ ಬಿದ್ದ ಮಳೆಯ ಲೆಕ್ಕ ದಿನಾ ಬೆಳಿಗ್ಗೆ ಸಾಗರಕ್ಕೆ ಬಂದು, ಅಲ್ಲಿಂದ ಜೋಗಕ್ಕೆ ಹೋಗಬೇಕಿತ್ತು. ಅಲ್ಲಿಯ ಅಣೆಕಟ್ಟಿಗೆ ಎಷ್ಟು ನೀರು ಬರುತ್ತದೆ, ಗೇಟು ಯಾವಾಗ ತೆಗೆಯಬೇಕು, ಕೆಳಗಿನ ಊರಿನವರಿಗೆ ಯಾವಾಗ ಎಚ್ಚರಿಕೆ ಕೊಡಬೇಕು ಎಂಬುದೆಲ್ಲ ಆ ಲೆಕ್ಕದ ಮೇಲೆ ನಿಂತಿತ್ತು. ಅಲ್ಲಿಯವರೆಗೆ ಅದನ್ನು ಟೆಲಿಫೋನಿನಲ್ಲಿ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದರು. ಆ ವರ್ಷ ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ಊರಿಗೆ ಒಂದೊಂದು ಕಂಪ್ಯೂಟರ್ ಕೊಟ್ಟು, ಟೆಲಿಫೋನ್ ತಂತಿಯ ಮೇಲೆ ಅವನ್ನು ಜೋಡಿಸುವ ಪ್ರಯೋಗ ಶುರುವಾಯಿತು. ಆ ಜಾಲದ ವಿನ್ಯಾಸ ಮಾಡಿದವಳು ನಾನಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಮಾಡಿದವಳು ಲಲಿತಾ. ತೀರ್ಥಹಳ್ಳಿ ಹತ್ತಿರದ ಮೇಳಿಗೆಯವಳು, ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ನಾಲ್ಕು ವರ್ಷವೂ ಅವಳು ಮೊದಲನೆಯವಳು, ನಾನು ಎರಡನೆಯವಳು. ಹೋಗಲಿ, ರಾತ್ರಿಯಿಡೀ ಓದುತ್ತಾಳೆ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಅದೂ ಇಲ್ಲ, ಒಂಬತ್ತಕ್ಕೆಲ್ಲ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದೆವು. ಅವಳನ್ನು ಮದ್ರಾಸಿಗೆ ತರಬೇತಿಗೆ ಕಳಿಸಿದರು, ನನ್ನನ್ನು ಬ್ಯಾಟರಿಗಳಿಗೆ ನೀರು ಹಾಕಿಸಲು ಸಾಗರದಲ್ಲಿ ಬಿಟ್ಟರು.

ಜಾಲಕ್ಕೆ ನಾನೂ ಒಂದು ಯೋಜನೆ ಕೊಟ್ಟಿದ್ದೆ. ಸಾಗರದ ಯಂತ್ರ ಒಂದೊಂದು ಊರನ್ನೇ ಸರದಿಯಂತೆ ಕೇಳುವುದು, ಕೇಳಿದಾಗ ಮಾತ್ರ ಆ ಊರಿನವರು ಉತ್ತರಿಸುವುದು. ಲಲಿತಾಳದು ಆಗ ನಮ್ಮಲ್ಲಿ ಹೊಸದಾಗಿದ್ದ ಇಂಟರ್ನೆಟ್ ಪ್ರೊಟೋಕಾಲ್, ಅಂದರೆ ಐಪಿ. ಅದರಲ್ಲಿ ವರದಿಯನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ವಿಳಾಸ ಮತ್ತು ನಂಬರು ಹಚ್ಚುತ್ತಾರೆ. ಯಾರು ಯಾವಾಗ ಬೇಕಾದರೂ ಕಳಿಸಬಹುದು. ತೀರ್ಥಹಳ್ಳಿಯ ಪ್ಯಾಕೆಟ್ಟನ್ನು ಹೊಸನಗರದ ಯಂತ್ರ ವಿಳಾಸ ನೋಡಿ ಸಾಗರಕ್ಕೆ ದಾಟಿಸುತ್ತದೆ. ಅದರ ಮೇಲೆ ಅವಳೇ ಸೇರಿಸಿದ ನಿಯಮದಂತೆ, ಪ್ಯಾಕೆಟ್ ಮುಟ್ಟಿದ ಮೇಲೆ ಸಾಗರದಿಂದ ‘ಬಂತು’ ಎಂಬ ಉತ್ತರ ಹೋಗಬೇಕು. ನಾಲ್ಕು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಪ್ಯಾಕೆಟ್ ಕಳೆದುಹೋಯಿತೆಂದು ತಿಳಿದು ಯಂತ್ರ ಅದನ್ನೇ ಮತ್ತೆ ಕಳಿಸುತ್ತದೆ.

ನಮ್ಮ ಸಾಹೇಬರು ನನ್ನ ಯೋಜನೆಯನ್ನು ತಿರುವಿ ಹಾಕಿ, “ಇದು ಶಾಲೇಲಿ ಹಾಜರಿ ಕೂಗಿದ ಹಾಗಿದೆಯಲ್ಲಮ್ಮ” ಎಂದರು. ಸಭೆ ನಕ್ಕಿತು. ಲಲಿತಾಳೂ ನಕ್ಕಳು. ಉಳಿದವರ ನಗು ನಾನು ಅವತ್ತೇ ಮರೆತೆ.

ಜೂನ್ ಮೊದಲಲ್ಲಿ ಒಂದು ಮಧ್ಯಾಹ್ನ ಪರೀಕ್ಷೆ ನಡೆಯಿತು. ತೀರ್ಥಹಳ್ಳಿಯ ವರದಿ ಹೊಸನಗರ ದಾಟಿ ಸಾಗರದ ಪರದೆಯ ಮೇಲೆ ಚಕಚಕನೆ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಬೇಕಾಯಿತು. ಆದರೆ ಮಳೆ ಹಿಡಿದು ದಿನನಿತ್ಯದ ಕೆಲಸ ಶುರುವಾದದ್ದೇ ತಡ, ಬೆಳಗಿನ ವರದಿ ಅರ್ಧಕ್ಕೇ ನಿಲ್ಲತೊಡಗಿತು. ಜೋಗದವರು ಫೋನ್ ಮಾಡಿ ರೇಗುವರು, ನಮ್ಮವರು ಮತ್ತೆ ಕೂಗಿ ಲೆಕ್ಕ ಹೇಳುವರು. ಮಧ್ಯಾಹ್ನ ಪರೀಕ್ಷಿಸಿದರೆ ಎಲ್ಲ ಸರಿ. ತಂತಿಗೆ ಕೊಂಬೆ ತಾಗುತ್ತಿರಬೇಕು ಎಂದು ಲಲಿತಾ ಲೈನ್‌ಮನ್‌ಗಳ ಜೊತೆ ಕಂಬ ಕಂಬ ಅಲೆದಳು. ಏನೂ ಸಿಗಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಜುಲೈಯಲ್ಲಿ ಸಾಹೇಬರು ನನ್ನನ್ನು ಕರೆದರು. “ಇನ್ನೊಂದು ವಾರ ನೋಡ್ತೀನಿ. ಆಗಲಿಲ್ಲ ಅಂದ್ರೆ ಅವಳದ್ದು ತೆಗೆದು ನಿಮ್ಮ ಹಾಜರಿ ಪದ್ಧತೀನೇ ಹಾಕೋಣ.” ನಾನು ಮಾಡಬೇಕಾದದ್ದು ಏನೂ ಇರಲಿಲ್ಲ, ಒಂದು ವಾರ ಸುಮ್ಮನಿದ್ದರೆ ಸಾಕಿತ್ತು. ಆದರೆ ಹೊಟ್ಟೆಕಿಚ್ಚು ಸುಮ್ಮನಿರಲು ಬಿಡಬೇಕಲ್ಲ! ಅವಳ ಜಾಲ ಹೇಗೆ ಸಾಯುತ್ತದೆಂದು ಕಣ್ಣಾರೆ ನೋಡಬೇಕೆಂದು ಮರುದಿನ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋದೆ.

ಮಳೆ ಅಳೆಯುವವರ ನಿಯಮವೆಂದರೆ ಎಲ್ಲ ಊರಲ್ಲೂ ಬೆಳಿಗ್ಗೆ ಎಂಟೂವರೆಗೇ ಅಳೆಯಬೇಕು. ಅಲ್ಲಿಯ ಆಪರೇಟರ್ ಮಂಜಪ್ಪ ಅಳತೆಯನ್ನು ಟೈಪು ಮಾಡಿ ಕಳಿಸಿದರು. ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಸೇರಿಸುವ ಮೋಡೆಮ್ ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪವಿರುತ್ತದೆ, ಪ್ಯಾಕೆಟ್ ಹೋಗುವಾಗ ಅದು ಮಿನುಗುತ್ತದೆ. ಲೈನು ಕೆಟ್ಟಿದೆ, ದೀಪ ಆರುತ್ತದೆ ಎಂದು ನಾನು ಕಾಯುತ್ತಿದ್ದೆ. ಅದು ಆರಲಿಲ್ಲ. ಮಿನುಗುವುದನ್ನೂ ಬಿಟ್ಟು ಒಂದೇ ಸಮನೆ ಉರಿಯತೊಡಗಿತು.

“ದಿನಾ ಹಿಂಗೇ ಮೇಡಂ,” ಎಂದರು ಮಂಜಪ್ಪ. “ಹೋಗ್ಲಿಲ್ಲ ಅಂತ ನಾನೂ ಇನ್ನೊಂದ್ಸಲ ಕಳಸ್ತೀನಿ. ತೀರ್ಥಳ್ಳಿಯೋರೂ ಹಂಗೇ ಮಾಡ್ತಾರಂತೆ.”

ಪರದೆಯ ಮೇಲೆ ಹಾದುಹೋಗುವ ಪ್ಯಾಕೆಟ್ಟುಗಳ ನಂಬರು ನೋಡಿದೆ. ಅದೇ ನಂಬರು, ಮತ್ತೆ ಅದೇ ನಂಬರು. ಅಯ್ಯೋ, ಲೈನು ಕೆಟ್ಟಿರಲಿಲ್ಲ, ತುಂಬಿತ್ತು! ಎಂಟೂವರೆಗೆ ಎರಡೂ ಊರಿನವರು ಒಟ್ಟಿಗೆ ಕಳಿಸುತ್ತಿದ್ದರು. ತೀರ್ಥಹಳ್ಳಿಯ ಪ್ಯಾಕೆಟ್ಟು ಹೊಸನಗರದಲ್ಲಿ ಸರದಿ ಕಾಯುವಷ್ಟರಲ್ಲಿ ನಾಲ್ಕು ಸೆಕೆಂಡು ಮುಗಿಯುತ್ತಿತ್ತು. ಕಳೆದೇಹೋಯಿತೆಂದು ಯಂತ್ರ ಇನ್ನೊಂದು ಪ್ರತಿ ಕಳಿಸುತ್ತಿತ್ತು, ಅದೂ ಹಿಂದೆ ನಿಲ್ಲುತ್ತಿತ್ತು. ಹಿನ್ನೀರು ದಾಟಿ ತುಮರಿಗೆ ಹೋದವನು ಬರಲಿಲ್ಲವೆಂದು ಅವನನ್ನು ಹುಡುಕಲು ಇನ್ನೊಬ್ಬನನ್ನು, ಅವನ ಹಿಂದೆ ಮತ್ತೊಬ್ಬನನ್ನು ಕಳಿಸಿದರೆ, ಕೊನೆಗೆ ಲಾಂಚಿನಲ್ಲಿ ಹುಡುಕುವವರೇ ತುಂಬಿಕೊಳ್ಳುತ್ತಾರೆ. ಮಧ್ಯಾಹ್ನದ ಪರೀಕ್ಷೆಯಲ್ಲಿ ಒಂದೇ ಊರು ಕಳಿಸುತ್ತಿದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳ ವಿನ್ಯಾಸದಲ್ಲಿ ಬೇರೆ ತಪ್ಪೇ ಇರಲಿಲ್ಲ. ಕಾಯುವ ಹೊತ್ತನ್ನು ಸರಿ ಮಾಡಿದರೆ ಅದು ನನ್ನದಕ್ಕಿಂತ ಚೆನ್ನಾಗಿ ಓಡುತ್ತಿತ್ತು. ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಷ್ಟು ಹೊತ್ತಿಗೆ ತೀರ್ಥಹಳ್ಳಿ ಬಸ್ಸಿನಿಂದ ಇಳಿದ ಲಲಿತಾ ಒಳಗೆ ಬಂದಳು. ಸೀರೆಯ ಅಂಚು ಕೆಸರಾಗಿತ್ತು, ಕಣ್ಣು ಗುಳಿ ಬಿದ್ದಿತ್ತು. ನನ್ನ ಮುಖ ನೋಡಿದವಳೇ ನಿಂತಳು.

“ನಿಂಗೆ ಸಿಕ್ತು, ಅಲ್ವಾ?”

“ಎಂತ ಸಿಕ್ತು?”

“ಸುಮ್ನಿರೇ ಸುಮಿತ್ರಾ, ನಿನ್ ಮುಖ ನಂಗೊತ್ತಿಲ್ವಾ? ಹೇಳ್ಬೇಡ ಮಾರಾಯ್ತಿ, ನಿನ್ ದಮ್ಮಯ್ಯ. ಲ್ಯಾಬಲ್ಲಿ ನಾನು ವಾರಗಟ್ಟಲೆ ಒದ್ದಾಡಿದ ಸರ್ಕ್ಯೂಟ್ ನೀನು ಬಂದು ಮುಟ್ಟಿದ್ ಕೂಡ್ಲೇ ಓಡ್ತಿತ್ತು. ಆಗ ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತುಂಟಾ? ಇದಾದ್ರೂ ನಂಗೇ ಸಿಗ್ಲಿ.”

ಅವಳಿಗೂ ಹೊಟ್ಟೆಕಿಚ್ಚೆ! ನನ್ನ ಮೇಲೆ! ಅದನ್ನು ಕೇಳಿ ನಾನು ಕರಗಿದೆ ಎಂದುಕೊಳ್ಳಬೇಡಿ. ಅವಳು ಕುರ್ಚಿ ಎಳೆದುಕೊಂಡು ಆ ಕೆಂಪು ದೀಪವನ್ನೇ ದಿಟ್ಟಿಸತೊಡಗಿದಳು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಕಂಡುಹಿಡಿಯುತ್ತಾಳೆ, ಆಮೇಲೆ ವಿನ್ಯಾಸವೂ ಅವಳದು, ರಿಪೇರಿಯೂ ಅವಳದು. ನನ್ನಿಂದ ತಡೆಯಲಾಗಲಿಲ್ಲ.

“ನಿನ್ ಯಂತ್ರಕ್ಕೆ ತಾಳ್ಮೆ ಇಲ್ಲ ಕಣೇ!” ಎಂದು ಕೂಗಿಯೇಬಿಟ್ಟೆ. “ಉತ್ತರ ಬರ್ಲಿಲ್ಲ ಅಂದ್ರೆ ನಾಲ್ಕು ಸೆಕೆಂಡಿಗೆ ಬಡ್ಕೊಳ್ಳೋದಲ್ಲ. ಮುಂದಿನ ಸಲ ಎಂಟು ಕಾಯ್ಬೇಕು, ಆಮೇಲೆ ಹದಿನಾರು. ಪ್ರತಿ ಸಲ ಎರಡರಷ್ಟು.”

ಅವಳು ನನ್ನನ್ನು ಕೊಂದುಹಾಕುವ ಹಾಗೆ ನೋಡಿದಳು. ಮತ್ತೆ ತಲೆ ತಗ್ಗಿಸಿ ಪ್ರೋಗ್ರಾಮ್ ತೆರೆದು ತಿದ್ದತೊಡಗಿದಳು. ಮಂಜಪ್ಪ ಇಬ್ಬರಿಗೂ ಚಾ ತರಿಸಿದರು. ಚಾ ಕುಡಿದು ಅವಳು ತೀರ್ಥಹಳ್ಳಿಯ ಯಂತ್ರವನ್ನೂ ತಿದ್ದಲು ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ಜೋಗದವರ ಫೋನು ಬರುವ ಮೊದಲೇ ಎರಡೂ ಊರಿನ ವರದಿ ಸಾಗರಕ್ಕೆ ಬಂದಿತ್ತು. ಸಾಹೇಬರ ಮುಂದೆ ಲಲಿತಾ, “ಸರ್, ಕಂಡುಹಿಡಿದಿದ್ದು ಸುಮಿತ್ರಾ” ಎಂದಳು. ಅದನ್ನೂ ತನ್ನದೆಂದು ಹೇಳಿಕೊಂಡಿದ್ದರೆ ಬೈದುಕೊಳ್ಳಲಿಕ್ಕಾದರೂ ಆಗುತ್ತಿತ್ತು, ಆ ಸುಖವನ್ನೂ ಕೊಡಲಿಲ್ಲ. ಸಾಹೇಬರು ತಲೆದೂಗಿ, “ಹಾಗಾದರೆ ಇದರ ರೋಗ ಗೊತ್ತಿರೋರು ಇಲ್ಲೇ ಇರಲಿ” ಎಂದರು. ಅವಳು ಮುಖ್ಯ ಕಚೇರಿಗೆ ದೊಡ್ಡ ಜಾಲಗಳ ವಿನ್ಯಾಸಕ್ಕೆ ಹೋದಳು. ನಾನು ಈ ಮೂರು ಊರಿನ ನಡುವೆ ಬಸ್ಸು ಹತ್ತಿ ಇಳಿಯುತ್ತ ಉಳಿದೆ.

ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಲೈನು ಕಡಿದಿದೆ ಎಂದಲ್ಲ, ಮತ್ತೆ ಮತ್ತೆ ಕೂಗಿದರೆ ಬರುವ ಉತ್ತರಕ್ಕೂ ದಾರಿ ಇಲ್ಲದಂತಾಗುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಈಗ ಇಬ್ಬರೂ ನಿವೃತ್ತರು. ಲಲಿತಾ ಆಗಾಗ ಫೋನ್ ಮಾಡುತ್ತಾಳೆ, ಯಾವುದೋ ಸನ್ಮಾನದ ಸುದ್ದಿ ಇದ್ದೇ ಇರುತ್ತದೆ. ಹೊಟ್ಟೆ ಉರಿದು ನಾನು ಎತ್ತುವುದಿಲ್ಲ. ಅವಳು ಸ್ವಲ್ಪ ಬಿಟ್ಟು ಮತ್ತೆ ಮಾಡುತ್ತಾಳೆ, ಆಮೇಲೆ ಅದರ ಎರಡರಷ್ಟು ಹೊತ್ತು ಬಿಟ್ಟು ಇನ್ನೊಮ್ಮೆ. ಕೊನೆಗೆ ಎತ್ತುತ್ತೇನೆ. ಹಾಗೆ ಕಾಯುವುದನ್ನು ಅವಳಿಗೆ ಕಲಿಸಿದವಳು ನಾನು, ಅದಾದರೂ ನನ್ನ ಹೆಸರಿನಲ್ಲಿರಲಿ.