ಮೂರು ಸಲ ಬಿಚ್ಚಿದ ಲಿಫ್ಟ್

ಎರಡು ವರ್ಷದ ಹಿಂದಿನ ಜುಲೈ. ತೇರಗಾಂವದ ಒಂದು ಅಂಗಳದಲ್ಲಿ ನಾವು ನಾಲ್ವರಿದ್ದೆವು: ಹಳಿಯಾಳದಲ್ಲಿ ಮೂವತ್ತೊಂದು ವರ್ಷದಿಂದ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿರುವ ನಾನು, ಮನೆಯ ಯಜಮಾನ ಪರಶುರಾಮ, ಅವನ ಹೆಂಡತಿ ಸುಮಿತ್ರಾ, ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತ ಕುಳಿತ ಅವನ ತಂದೆ ನಾಗಪ್ಪಜ್ಜ. ನಡುವೆ ನಿಂತಿದ್ದ ಟ್ರ್ಯಾಕ್ಟರ್ ಪರಶುರಾಮನಿಗಿಂತ ವಯಸ್ಸಿನಲ್ಲಿ ದೊಡ್ಡದು. ಆ ಹಂಗಾಮಿನಲ್ಲಿ ಅದರ ಹೈಡ್ರಾಲಿಕ್ ಲಿಫ್ಟನ್ನು ನಾನು ಬಿಚ್ಚುತ್ತಿದ್ದುದು ಮೂರನೆಯ ಸಲ.

ಲಿಫ್ಟ್ ಎಂದರೆ ಎಣ್ಣೆಯ ಒತ್ತಡದಿಂದ ಹಿಂದಿನ ಎರಡು ತೋಳುಗಳನ್ನು ಎತ್ತಿ ಹಿಡಿಯುವ ವ್ಯವಸ್ಥೆ. ಗದ್ದೆ ಕೆಸರು ಮಾಡುವ ರೊಟಾವೇಟರ್ ತೂಗುವುದು ಆ ತೋಳುಗಳಿಗೇ. ಜೂನ್ ಆರಂಭದಲ್ಲಿ ಮೊದಲ ಸಲ ಬಿಚ್ಚಿದಾಗ ಪಿಸ್ಟನ್ನಿನ ರಬ್ಬರ್ ರಿಂಗ್ ಸವೆದಿತ್ತು. ಹೊಸದು ಹಾಕಿ ಬಂದೆ. ತಿಂಗಳು ಮುಗಿಯುವುದರೊಳಗೆ ಮತ್ತೆ ಫೋನ್: ಲಿಫ್ಟ್ ಏಳುತ್ತಿಲ್ಲ. ಎಣ್ಣೆ ಕದಡಿ ಹಳದಿಯಾಗಿತ್ತು. ನೀರು ಹೊಕ್ಕಿದೆಯೆಂದು ತಿಳಿದು, ಪೈಪ್ ಹಿಡಿದು ತೊಳೆಯುತ್ತೀಯೆಂದು ಪರಶುರಾಮನನ್ನು ಬೈದು, ಮೂವತ್ತು ಲೀಟರ್ ಎಣ್ಣೆ ಬದಲಿಸಿದೆ. ಹತ್ತು ದಿನಕ್ಕೆ ಮತ್ತೆ ಅದೇ ಹಾಡು.

ಸಸಿಮಡಿಯಲ್ಲಿ ಭತ್ತದ ಸಸಿ ಬಲಿಯುತ್ತಿತ್ತು. ಇನ್ನೊಂದು ವಾರ ತಡವಾದರೆ ನಾಟಿ ಮಾಡಿಯೂ ಪ್ರಯೋಜನವಿಲ್ಲ. ಊರಿನ ಉಳಿದ ಟ್ರ್ಯಾಕ್ಟರುಗಳೆಲ್ಲ ತಮ್ಮ ತಮ್ಮ ಗದ್ದೆಯಲ್ಲಿದ್ದವು.

"ಬಿಚ್ಚೂದಷ್ಟ ಕಲ್ತೀರೇನ್ರಿ ಮಿಸ್ತ್ರಿ, ಕೂಡಸೂದ ಯಾರೂ ಕಲಸಲಿಲ್ಲೇನು?" ಎಂದ ಪರಶುರಾಮ. ನನ್ನ ಮೈ ಉರಿಯಿತು.

ಎಣ್ಣೆ ಸೋಸುವ ಜಾಲರಿಯನ್ನು ಹೊರತೆಗೆದೆ. ಅದರ ತುಂಬ ಹಳದಿ ಮುದ್ದೆ. ವಾಲ್ವಿಗೂ ಅದೇ ಅಂಟಿಕೊಂಡಿತ್ತು. ಚಹಾ ತಂದ ಸುಮಿತ್ರಾ ಒಂದಿಷ್ಟು ತೆಗೆದು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದಳು.

"ಅಣ್ಣಾರ, ಇದು ನಮ್ಮ ಅಡಗಿಮನಿ ಅರಿಷಿಣ ಐತ್ರಿ! ಡಬ್ಬಿ ಯಾಕ ಲಗೂನ ಖಾಲಿ ಆತು ಅಂತಿದ್ದೆ." ಹೇಳಿ, ಮಾವನ ಕಡೆ ತಿರುಗಿದಳು.

ನಾಗಪ್ಪಜ್ಜ ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. "ಗೊಟ್ಟಾ ಹಾಕೇನಿ. ಎತ್ತಿಗೆ ಹಾಕ್ತಿದ್ದಿಲ್ಲೇನು? ಅವರ ಕೆಲಸಾ ಈಗ ಇದ ಮಾಡತೈತಿ."

ಕಾರಹುಣ್ಣಿಮೆಗೆ ಕೋಳಿಯ ಹಸಿ ತತ್ತಿ, ಎಳ್ಳೆಣ್ಣೆ, ಅರಿಶಿನ ಕಲಸಿ ಬಿದಿರಿನ ಕೊಳವೆಯಿಂದ ಎತ್ತುಗಳ ಗಂಟಲಿಗೆ ಹೊಯ್ಯುವುದು ನಮ್ಮ ಕಡೆಯ ವಾಡಿಕೆ. ಆ ಕೊಳವೆಯೇ ಗೊಟ್ಟ. ಆ ಬೇಸಿಗೆಯಲ್ಲಷ್ಟೇ ಎತ್ತು ಮಾರಿದ ಮನೆಯಲ್ಲಿ ಅದು ಟ್ರ್ಯಾಕ್ಟರಿನ ಎಣ್ಣೆ ತೂತಿಗೆ ಬಂದಿತ್ತು.

"ಹುಣ್ಣಿವಿಗೆ ಹಾಕಿದ್ರಿ, ಆತು. ನಾ ಎಣ್ಣಿ ಬದಲಿಸಿದ ಮ್ಯಾಲ ಎರಡನೇ ಸಲ ಯಾಕ್ರಿ ಅಜ್ಜಾರ?" ಎಂದು ಕೇಳಿದೆ.

"ನೀ ಹೊಟ್ಟಿ ಕೊಯ್ದು ಹೊಲದು ಹ್ವಾದಿ. ಅಷ್ಟ ದೊಡ್ಡ ಆಪರೇಸನ್ ಆದಮ್ಯಾಲ ಮೈಯಾಗ ಕಸುವು ಬರೂದು ಬ್ಯಾಡೇನು?"

ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದೆ. "ಇದರ ಹೊಟ್ಟ್ಯಾಗ ತತ್ತಿ ಅರಗೂದಿಲ್ರಿ, ಬೇಯತೈತಿ! ಬೆಂದು ವಾಲ್ವಿನಾಗ ಕುಂತೈತಿ!"

ಸುಮಿತ್ರಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಜ್ಜ ನಗಲಿಲ್ಲ. "ಹಂಗಾದ್ರ ಈ ಸಲ ನಾಟಿ ನನ್ನಿಂದ ತಪ್ಪತೈತೇನು?" ಎಂದರು. ನನ್ನ ಸಿಟ್ಟು ಅಲ್ಲಿಗೆ ನಿಂತಿತು.

ಎಣ್ಣೆ ಬಸಿದು, ಡೀಸೆಲ್ ಹಾಕಿ ಮೂರು ಸಲ ಒಳಗೆಲ್ಲ ತೊಳೆದೆವು. ವಾಲ್ವಿನ ಒಂದೊಂದೇ ಭಾಗವನ್ನು ಅಜ್ಜನೇ ಹಳೆಯ ಧೋತರದಿಂದ ಒರೆಸಿ ನನ್ನ ಕೈಗಿಟ್ಟರು. ಹೊಸ ಎಣ್ಣೆ ತುಂಬಿ, ಸಂಜೆ ಐದಕ್ಕೆ ರೊಟಾವೇಟರ್ ಎತ್ತಿ ಇಂಜಿನ್ ಬಂದ್ ಮಾಡಿದೆ. ಒಂದು ತಾಸು ಕಾದೆವು. ತೋಳು ಒಂದು ಬೆರಳೂ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಗಾಡಿ ಗದ್ದೆಗಿಳಿಯಿತು. ಐದನೆಯ ದಿನಕ್ಕೆ ನಾಟಿ ಮುಗಿಯಿತು.

ಈಗ ನಾನು ಯಾವ ಮನೆಗೆ ಹೋದರೂ ಮೊದಲು ಪಾನಾ ಹಿಡಿಯುವುದಿಲ್ಲ. ಈ ಗಾಡಿಯನ್ನು ಯಾರು ಯಾರು, ಹೇಗೆ ಹೇಗೆ ನೋಡಿಕೊಳ್ಳುತ್ತೀರಿ ಎಂದು ಮನೆಮಂದಿಯನ್ನೆಲ್ಲ ಕೇಳುತ್ತೇನೆ. ಎಣ್ಣೆ ಹಳದಿಯಾದ ದಿನವೇ ಕೇಳಿದ್ದರೆ ಮೂರನೆಯ ಸಲ ಬಿಚ್ಚುವ ಕೆಲಸ ಉಳಿಯುತ್ತಿತ್ತು.

ಮರುವರ್ಷ ಕಾರಹುಣ್ಣಿಮೆಯ ಹಿಂದಿನ ದಿನ ನಾಗಪ್ಪಜ್ಜ ಬಸ್ಸು ಹಿಡಿದು ನನ್ನ ಗ್ಯಾರೇಜಿಗೆ ಬಂದರು. "ಅದಕ್ಕ ಏನ ಕುಡಸೂದು, ನೀನ ಕೊಡಪಾ" ಎಂದರು. ಒಂದು ಲೀಟರ್ ಲಿಫ್ಟ್ ಎಣ್ಣೆಯ ಡಬ್ಬಿ ಕೊಟ್ಟು, ಅಳತೆಕಡ್ಡಿಯ ಮೇಲಿನ ಗೆರೆ ದಾಟಬಾರದೆಂದು ಹೇಳಿದೆ. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಬಗಲಲ್ಲಿ ಇಟ್ಟುಕೊಂಡು ಅವರು ತೇರಗಾಂವದ ಬಸ್ಸು ಹತ್ತಿದರು.